ಖಂಡೇನವಮಿಯ ಗುರುವಾರ

ಧರಮಪೇಠದ ಆ ಬಾಡಿಗೆ ಮನೆಯಲ್ಲಿ ದೇವರಿಗೊಂದು ಗೂಡು ಇತ್ತು, ಅವ್ವನಿಗೊಂದು ಅಡುಗೆಮನೆ ಇತ್ತು, ಉಳಿದ ಜಾಗವೆಲ್ಲ ಪಾನಾಗಳದ್ದು. ಸ್ಪ್ಯಾನರಿಗೆ ನಾಗಪುರದ ಗ್ಯಾರೇಜಿನವರು ಪಾನಾ ಅನ್ನುತ್ತಾರೆ, ನಮ್ಮ ಗದಗಿನ ಕಡೆಯವರೂ ಅದನ್ನೇ ಅನ್ನುತ್ತಾರೆ. ಹಾಗಾಗಿ ಮರಾಠಿ ಬಾರದ ದಿನಗಳಲ್ಲೂ ಅಪ್ಪನ ವ್ಯಾಪಾರ ನಿಲ್ಲಲಿಲ್ಲ. ಹಗಲೆಲ್ಲ ಅಪ್ಪನ ವ್ಯಾನಿನಲ್ಲಿ ಊರು ಸುತ್ತಿದ ಸಾಮಾನು ಸಂಜೆಯಾದರೆ ಮನೆಯೊಳಗೆ ಬರಬೇಕು, ಏಕೆಂದರೆ ವ್ಯಾನಿನ ಹಿಂಬಾಗಿಲಿನ ಕೀಲಿಯ ಮೇಲೆ ಅಪ್ಪನಿಗೆ ನಂಬಿಕೆ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ಪಾನಾಗಳನ್ನು ಸಾಲಾಗಿ ಮಲಗಿಸುತ್ತಿದ್ದೆವು. ಅವ್ವ ಚಿಮಣಿ ಎಣ್ಣೆಯ ಅರಿವೆಯಿಂದ ಒಂದೊಂದನ್ನೂ ಒರೆಸುತ್ತಿದ್ದಳು. ನಾನು ಅಂಕಿ ಓದಲು ಕಲಿತದ್ದು ಪಾಟಿಯಿಂದಲ್ಲ, ಪಾನಾಗಳ ಹಿಡಿಯ ಮೇಲೆ ಕೆತ್ತಿದ ನಂಬರುಗಳಿಂದ. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು ಎಂದು ಜೋಡಿಯಾಗಿಯೇ ಕಲಿತದ್ದರಿಂದ ಶಾಲೆಯಲ್ಲಿ ಒಂಟಿಯಾಗಿ ಎಣಿಸುವಾಗ ತಡವರಿಸುತ್ತಿದ್ದೆ. ಅವುಗಳ ಪಕ್ಕದಲ್ಲೇ ನಮ್ಮ ಹಾಸಿಗೆ. ತಮ್ಮ ಗುಂಡು ನಿದ್ದೆಯಲ್ಲಿ ಹೊರಳಿ ಬಂದು ಜ್ಯಾಕಿನ ಮೇಲೆ ಕಾಲು ಹಾಕುತ್ತಿದ್ದ. ರೊಟ್ಟಿಗೂ ಗ್ರೀಸಿನ ವಾಸನೆ, ಬೇಳೆಗೂ ಅದೇ ವಾಸನೆ. ಅವ್ವ ವಾರಕ್ಕೊಮ್ಮೆಯಾದರೂ ಸಿಡಿಯುತ್ತಿದ್ದಳು.

"ನಮ್ಮಪ್ಪ ನನ್ನ ಲಗ್ನಾ ಮಾಡಿಕೊಟ್ಟಿದ್ದು ಮನಷ್ಯಾಗೋ, ಪಾನಾ ಪೆಟಗಿಗೋ?"

"ಪೆಟಗಿಗೇ ಅಂತ ತಿಳಕೋ," ಎನ್ನುತ್ತಿದ್ದ ಅಪ್ಪ, ಊಟದ ತಟ್ಟೆಯಿಂದ ತಲೆ ಎತ್ತದೆ. "ಎರಡು ಹೊತ್ತು ಊಟಾ ಹಾಕತೈತಿ, ಕುಡದು ಬರೂದಿಲ್ಲ, ತಿರುಗಿ ಮಾತಾಡೂದಿಲ್ಲ. ಇನ್ನೇನ ಬೇಕ ನಿನಗ?"

ಅವ್ವ ನಗು ತಡೆಯಲಾಗದೆ ಒಳಗೆ ಹೋಗುತ್ತಿದ್ದಳು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಅಪ್ಪ ಮೊದಲು ಆಯುಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕ್ವಾರ್ಟರ್ಸು, ಪಿಂಚಣಿ, ಎಲ್ಲ ಇದ್ದ ನೌಕರಿ. ಅದನ್ನು ಬಿಟ್ಟು, ಒಂದು ಬೇಕರಿಯವರು ಮಾರಿದ ಹಳೆಯ ಬ್ರೆಡ್ ವ್ಯಾನು ಕೊಂಡು, ಅದರ ಒಳಗೆ ಹಲಗೆಯ ಖಾನೆಗಳನ್ನು ಹೊಡೆಸಿ, ಗ್ಯಾರೇಜಿನಿಂದ ಗ್ಯಾರೇಜಿಗೆ ಉಪಕರಣ ಮಾರುತ್ತ ಹೊರಟಾಗ ನಮ್ಮ ಬಳಗದವರೆಲ್ಲ ತಲೆ ಕೆಟ್ಟಿದೆ ಎಂದೇ ತಿಳಿದರು. ಅಪ್ಪನ ಲೆಕ್ಕ ಸರಳವಾಗಿತ್ತು. ಒಂದು ಸಾಕೆಟ್ ಮುರಿದರೆ ಮಿಸ್ತ್ರಿ ಕೆಲಸ ಬಿಟ್ಟು ಪೇಟೆಗೆ ಹೋಗಬೇಕು, ಹೋಗಿ ಬರುವಷ್ಟರಲ್ಲಿ ಅರ್ಧ ದಿನ. ಅಷ್ಟರಲ್ಲಿ ಬಂದ ಗಿರಾಕಿ ಮುಂದಿನ ಗ್ಯಾರೇಜಿಗೆ ಹೋಗಿಬಿಟ್ಟಿರುತ್ತಾನೆ. ಮಿಸ್ತ್ರಿ ಅಂಗಡಿಗೆ ಹೋಗುವುದರ ಬದಲು ಅಂಗಡಿಯೇ ಮಿಸ್ತ್ರಿಯ ಹತ್ತಿರ ಹೋಗಬೇಕು. ಅದೂ ಮನಸ್ಸಿಗೆ ಬಂದಾಗ ಅಲ್ಲ, ಗೊತ್ತಾದ ವಾರಕ್ಕೆ, ಗೊತ್ತಾದ ಹೊತ್ತಿಗೆ. ಸೋಮವಾರ ಕಾಮಠಿ ರಸ್ತೆ, ಮಂಗಳವಾರ ಲಾರಿಗಳು ನಿಲ್ಲುವ ವಾಡಿ, ಬುಧವಾರ ಇತವಾರಿ, ಗುರುವಾರ ಸದರ್, ಹೀಗೆ. ಜ್ವರ ಬಂದರೂ ಅಪ್ಪ ವಾರ ತಪ್ಪಿಸುತ್ತಿರಲಿಲ್ಲ. ನನ್ನ ಶಾಲೆಯ ಬಹುಮಾನದ ದಿನ ಬಂದದ್ದು ಒಂದು ಬುಧವಾರ, ಅಪ್ಪ ಇತವಾರಿಯಲ್ಲಿದ್ದ. ಗುಂಡು ಮೆಟ್ಟಿಲಿನಿಂದ ಬಿದ್ದು ತಲೆ ಒಡೆದುಕೊಂಡದ್ದು ಸೋಮವಾರ. ಅಪ್ಪ ಕಾಮಠಿ ರಸ್ತೆಯಲ್ಲಿದ್ದ. ಎಲ್ಲ ಗ್ಯಾರೇಜುಗಳಲ್ಲೂ ಅವನಿಗೆ "ಅಣ್ಣಾ" ಎಂದೇ ಹೆಸರು. ಊರಿಗೆಲ್ಲ ಸಿಗುವ ಅಣ್ಣಾ ನಮ್ಮ ಕೈಗೆ ಮಾತ್ರ ಸಿಗುವುದಿಲ್ಲ ಎಂಬ ಹೊಟ್ಟೆಕಿಚ್ಚು ನನ್ನೊಳಗೆ ಯಾವಾಗ ಶುರುವಾಯಿತೋ ಗೊತ್ತಿಲ್ಲ. ಹನ್ನೊಂದು ಹನ್ನೆರಡರ ವಯಸ್ಸಿಗೆ ಅದು ಚೆನ್ನಾಗಿ ಬಲಿತಿತ್ತು.

ಮಾರುವ ಸಾಮಾನಿನ ಜೊತೆಗೆ ವ್ಯಾನಿನಲ್ಲಿ ಇನ್ನೊಂದು ಖಾನೆ ಇತ್ತು. ಅದಕ್ಕೆ ಅಪ್ಪ ಫಿರತಿ ಸಾಮಾನು ಅನ್ನುತ್ತಿದ್ದ. ಬೇರಿಂಗ್ ಎಳೆಯುವ ಪುಲ್ಲರ್, ದೊಡ್ಡ ಅಳತೆಯ ಸಾಕೆಟ್ಟು, ಕಾರಿನ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್, ಇಂಥ ಆರೇಳು ಉಪಕರಣ. ತಿಂಗಳಿಗೊಮ್ಮೆ ಬೇಕಾಗುವ ಇವನ್ನು ಸಣ್ಣ ಗ್ಯಾರೇಜಿನವರು ಕೊಳ್ಳುವುದಿಲ್ಲ, ಬೇಕಾದಾಗ ಇಲ್ಲದಿದ್ದರೆ ಕೆಲಸ ಆಗುವುದಿಲ್ಲ. ಅಪ್ಪ ಅವನ್ನು ಮಾರುತ್ತಿರಲಿಲ್ಲ, ಸುಮ್ಮನೆ ಕೊಡುತ್ತಿದ್ದ. ವ್ಯಾನು ನಿಂತಿರುವಷ್ಟು ಹೊತ್ತಿನಲ್ಲಿ ಕೆಲಸ ಮುಗಿಸಿ ಹಿಂದಕ್ಕೆ ಕೊಟ್ಟರಾಯಿತು. ಆದ್ದರಿಂದ ಸದರಿನ ಮಿಸ್ತ್ರಿಗಳು ಅಂಥ ಕೆಲಸಗಳನ್ನು ಗುರುವಾರಕ್ಕೆಂದೇ ಎತ್ತಿಡುತ್ತಿದ್ದರು. ಗಿರಾಕಿ ಅವಸರ ಮಾಡಿದರೆ, "ಇದು ಗುರುವಾರದ ಕೆಲಸ, ಅಣ್ಣಾ ಬರಲಿ," ಎನ್ನುತ್ತಿದ್ದರಂತೆ. ಅಪ್ಪ ಇದನ್ನು ಮನೆಯಲ್ಲಿ ಹೇಳುವಾಗ ಅವನ ಮುಖ ನೋಡಬೇಕಿತ್ತು.

ಹಾಗೆ ಗುರುವಾರದ ದಾರಿ ಕಾಯುವವರಲ್ಲಿ ಒಬ್ಬರು ಸುಖದೇವ ಮಿಸ್ತ್ರಿ. ನಮಗೆ ಸುಖದೇವ ಕಾಕಾ. ಸದರಿನ ಒಂದು ಹಿಂದಿನ ಗಲ್ಲಿಯಲ್ಲಿ, ಬೇವಿನ ಮರದ ಕೆಳಗೆ ಅವರ ಗ್ಯಾರೇಜು. ಗೋಡೆಯ ಮೇಲೆ ಬುದ್ಧನ ಪಟ. ಅವರ ತಂದೆಗೆ ಹಳ್ಳಿಯಲ್ಲಿ ಮೇಲಿನವರ ಬಾವಿಯಿಂದ ನೀರು ಸೇದಲು ಬಿಡುತ್ತಿರಲಿಲ್ಲವಂತೆ. ಆ ಹಳ್ಳಿ ಬಿಟ್ಟು ನಾಗಪುರಕ್ಕೆ ಬಂದು, ದೀಕ್ಷೆ ತೆಗೆದುಕೊಂಡು ಬೌದ್ಧರಾದವರು ಅವರು. ಅಪ್ಪ ಮತ್ತು ಕಾಕಾ ಒಂದೇ ವಯಸ್ಸಿನವರು. ಗುರುವಾರ ಮಧ್ಯಾಹ್ನ ಅಪ್ಪನ ಬುತ್ತಿ ಬಿಚ್ಚುತ್ತಿದ್ದದ್ದು ಆ ಬೇವಿನ ಮರದ ಕೆಳಗೇ. ಅವ್ವನ ಶೇಂಗಾ ಚಟ್ನಿ ಕಾಕಾನಿಗೆ, ಅವರ ಮನೆಯ ಝುಣಕಾ ಅಪ್ಪನಿಗೆ. ದೀಪಾವಳಿಗೆ ಕಾಕಾ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಚಕ್ಕುಲಿ ತಿಂದು ಹೋಗುತ್ತಿದ್ದರು. ಆ ಪಡಸಾಲೆಯ ಗೂಡಿನಲ್ಲಿ ಗ್ಯಾರೇಜಿನ ಮಂದಿಗೆಂದೇ ಎರಡು ಸ್ಟೀಲಿನ ಲೋಟಗಳಿದ್ದವು. ಎಣ್ಣೆ ಕೈ, ಲೋಟಕ್ಕೆ ವಾಸನೆ ಹತ್ತುತ್ತದೆ ಎಂದು ಅವ್ವ ಕಾರಣ ಹೇಳುತ್ತಿದ್ದಳು. ಅಪ್ಪನ ಕೈಯೂ ಎಣ್ಣೆಯದೇ, ಆದರೆ ಅಪ್ಪ ಕುಡಿಯುತ್ತಿದ್ದದ್ದು ಒಳಗಿನ ಲೋಟದಲ್ಲಿ. ಆಗ ಇದು ನನಗೆ ವಿಚಿತ್ರ ಅನ್ನಿಸಿರಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ವರ್ಷದಲ್ಲಿ ಒಂದೇ ದಿನ ಅಪ್ಪ ತಾನಾಗಿ ಕೆಲಸ ನಿಲ್ಲಿಸುತ್ತಿದ್ದದ್ದು ಖಂಡೇನವಮಿಯಂದು, ಅಂದರೆ ಆಯುಧಪೂಜೆಯ ದಿನ. ಹಿಂದಿನ ದಿನವೇ ಸಾಮಾನೆಲ್ಲ ಒಳಗೆ ಬಂದು, ತೊಳೆದು, ಒರೆಸಿ, ಮುಂದಿನ ಕೋಣೆಯ ಗೋಡೆಗುಂಟ ಹೊಸ ಅರಿವೆಯ ಮೇಲೆ ಕೂಡುತ್ತಿತ್ತು. ಬೆಳಿಗ್ಗೆ ಅರಿಶಿನ, ಕುಂಕುಮ, ಚೆಂಡು ಹೂವು, ಆರತಿ. ಒಮ್ಮೆ ಪೂಜೆ ಆಯಿತೆಂದರೆ ಮರುದಿನ ದಸರೆಯ ಆರತಿಯಾಗುವವರೆಗೆ ಒಂದು ಪಾನಾವನ್ನೂ ಅಲುಗಿಸುವಂತಿಲ್ಲ. ಆಯುಧಕ್ಕೂ ಒಂದು ದಿನ ವಿಶ್ರಾಂತಿ ಬೇಕು ಎಂಬುದು ನಮ್ಮ ಕಡೆಯ ನೇಮ. ಗುಂಡು ಹತ್ತಿರ ಸುಳಿದರೂ ಅವ್ವ, "ಮುಟ್ಟಬ್ಯಾಡ್ರಿ, ಪೂಜಿ ಆಗೇತಿ," ಎಂದು ಕೂಗುತ್ತಿದ್ದಳು. ಖಾಲಿಯಾದ ವ್ಯಾನನ್ನು ಏನು ಮಾಡಬೇಕು ಎಂಬುದರ ಮೇಲೆ ಪ್ರತಿ ವರ್ಷ ವಾದ.

"ಗಾಡಿನೂ ಆಯುಧನ. ಅದೂ ನಿಲ್ಲಬೇಕು," ಇದು ಅವ್ವ.

"ಆಯುಧಲ್ಲ, ವಾಹನ. ದೇವರ ವಾಹನ ಹಬ್ಬದ ದಿನಾನ ಹೊರಗ ಬರೂದು," ಇದು ಅಪ್ಪ.

ಕೊನೆಗೆ ಅಪ್ಪನೇ ಗೆಲ್ಲುತ್ತಿದ್ದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ವ್ಯಾನಿನೊಳಗೆ ಚಾಪೆ ಹಾಸಿ, ನಮ್ಮನ್ನು ಕೂಡಿಸಿಕೊಂಡು ಎಲ್ಲಿಗಾದರೂ ಹೋಗುತ್ತಿದ್ದ. ಒಮ್ಮೆ ಫುಟಾಳಾ ಕೆರೆ, ಒಮ್ಮೆ ಅಂಬಾಝರಿ. ಪಾನಾಗಳು ಕೂಡುವ ಜಾಗದಲ್ಲಿ ನಾವು ಕೂತು ಹೋಗುವ ಆ ದಿನಕ್ಕಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ನಾನು ಹೇಳಬೇಕಾದ ವರ್ಷ ಖಂಡೇನವಮಿ ಗುರುವಾರ ಬಿತ್ತು. ಅಪ್ಪ ಆ ಸಲ ರಾಮಟೇಕಿಗೆ ಒಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದ. ರಾಮಟೇಕ್ ಎಂದರೆ ಊರಿನಿಂದ ಬಲು ದೂರ, ಗುಡ್ಡ, ಗುಡಿ, ಮಂಗಗಳು. ನನ್ನ ತರಗತಿಯಲ್ಲಿ ನೋಡದವಳು ನಾನೊಬ್ಬಳೇ. ಬೆಳಿಗ್ಗೆ ಎಂಟಕ್ಕೆ ಪೂಜೆ ಮುಗಿಯಿತು. ಅವ್ವ ಒಳಗೆ ಕಟಕ ರೊಟ್ಟಿ, ಎಣ್ಣೆಗಾಯಿ, ಮೊಸರನ್ನದ ಬುತ್ತಿ ಕಟ್ಟುತ್ತಿದ್ದಳು. ಅಪ್ಪ ಹಿತ್ತಲಿನ ನಲ್ಲಿಯಲ್ಲಿ ನೀರಿನ ಕ್ಯಾನು ತುಂಬಿಸುತ್ತ ಗುಂಡೂನ ಮೈಮೇಲೆ ನೀರು ಎರಚಿ ಆಟ ಆಡುತ್ತಿದ್ದ. ನಾನು ಹೊಸ ಲಂಗ ತೊಟ್ಟು ಗೇಟಿನ ಹತ್ತಿರ ನಿಂತು ವ್ಯಾನಿನ ಹಾರವನ್ನು ಸರಿ ಮಾಡುತ್ತಿದ್ದೆ. ಆಗ ಸೈಕಲ್ ಮೇಲೆ ಸುಖದೇವ ಕಾಕಾ ಬಂದರು. ಕಾಕಾನ ಜೊತೆ ನಮ್ಮ ಮಾತೆಲ್ಲ ಮರಾಠಿಯಲ್ಲೇ. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಅಣ್ಣಾ ಇದ್ದಾನಾ, ಪೋರಿ? ಜಲ್ದಿ ಕರಿ. ಸ್ಪ್ರಿಂಗ್ ಕಂಪ್ರೆಸರ್ ಬೇಕಾಗಿತ್ತು."

ನಾಂದೇಡ ಕಡೆಯಿಂದ ಒಂದು ಕಾರು ಬಂದಿದೆ, ಮುಂದಿನ ಸ್ಪ್ರಿಂಗು ಮುರಿದಿದೆ, ಮುದುಕಿಯೊಬ್ಬಳನ್ನು ನಾಳೆ ದೀಕ್ಷಾಭೂಮಿಗೆ ಕರೆದುಕೊಂಡು ಹೋಗಬೇಕಂತೆ, ಎಂದು ಉಸಿರು ಬಿಡದೆ ಹೇಳಿದರು. ದಸರೆಯ ದಿನ, ಬೌದ್ಧ ದೀಕ್ಷೆ ನಡೆದ ಆ ಜಾಗಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಾಗಪುರದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ಗ್ಯಾರೇಜುಗಳು ಪೂಜೆಗೆಂದು ಮುಚ್ಚಿದ್ದವು, ಕಾಕಾನದು ಮಾತ್ರ ತೆರೆದಿತ್ತು. ನನಗೆ ಎಲ್ಲ ಅರ್ಥವಾಯಿತು. ಇನ್ನೊಂದೂ ಅರ್ಥವಾಯಿತು: ಅಪ್ಪನ ಕಿವಿಗೆ ಇದು ಬಿದ್ದರೆ ಅಪ್ಪ ಅವ್ವನ ನೇಮಕ್ಕೂ ನಿಲ್ಲುವುದಿಲ್ಲ, ನನ್ನ ರಾಮಟೇಕಿಗೂ ನಿಲ್ಲುವುದಿಲ್ಲ. ಕುಂಕುಮ ಹಚ್ಚಿದ ಕಂಪ್ರೆಸರನ್ನು ಎತ್ತಿಕೊಂಡು ತಾನೇ ಸದರಿಗೆ ಹೋಗುತ್ತಾನೆ, ಹೋದವನು ಸಂಜೆಗೇ ಬರುತ್ತಾನೆ. ಇದು ಊಹೆಯಲ್ಲ. ಅಪ್ಪನನ್ನು ಬಲ್ಲವರು ಯಾರೂ ಬೇರೆ ಹೇಳುವುದಿಲ್ಲ.

"ಬಾಬಾ ಮನೆಯಲ್ಲಿಲ್ಲ, ಕಾಕಾ," ಎಂದೆ.

"ಎಲ್ಲಿಗೆ ಹೋದ?"

"ಗೊತ್ತಿಲ್ಲ. ತಡವಾಗುತ್ತದೆ."

ಕಾಕಾ ತೆರೆದ ಬಾಗಿಲಿನಿಂದ ಒಳಗೆ ನೋಡಿದರು. ಗೋಡೆಗುಂಟ ಹೂವಿನ ನಡುವೆ ಕಂಪ್ರೆಸರ್ ಎದ್ದು ಕಾಣುತ್ತಿತ್ತು.

"ಅಲ್ಲೇ ಇದೆಯಲ್ಲ. ನಾನೇ ತಗೊಂಡು ಹೋಗಿ ಮಧ್ಯಾಹ್ನಕ್ಕೆ ತಂದಿಡಲಾ? ಅಣ್ಣಾ ಏನೂ ಅನ್ನುವುದಿಲ್ಲ."

ಅದು ನಿಜವಾಗಿತ್ತು, ಅಣ್ಣಾ ಏನೂ ಅನ್ನುತ್ತಿರಲಿಲ್ಲ. ಆದರೆ ಕಾಕಾ ಒಳಗೆ ಕಾಲಿಟ್ಟರೆ ಅವ್ವ ಬರುತ್ತಾಳೆ, ಅವ್ವ ಬಂದರೆ ಅಪ್ಪನಿಗೆ ತಿಳಿಯುತ್ತದೆ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬೇಡ ಕಾಕಾ. ಪೂಜೆ ಆಗಿದೆ. ಹೊರಗಿನವರು ಮುಟ್ಟಬಾರದು."

ಅವ್ವ ಯಾವತ್ತೂ ಹೇಳುತ್ತಿದ್ದದ್ದು ಮುಟ್ಟಬೇಡಿ ಎಂದಷ್ಟೇ. "ಹೊರಗಿನವರು" ಎಂಬುದು ನನ್ನ ಸ್ವಂತ ಸೇರ್ಪಡೆ. ಮಾತಿಗೆ ತೂಕ ಬರಲಿ ಎಂದು ಸೇರಿಸಿದೆ. ಕಾಕಾ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಮನೆಯ ಕಡೆ ನೋಡಿದರು. "ಬರೋಬರ್," ಸರಿ ಎಂದು ಸೈಕಲ್ ತಿರುಗಿಸಿಕೊಂಡು ಹೊರಟುಹೋದರು. ಅವರು ತಿರುವು ದಾಟುವವರೆಗೆ ನಿಂತಿದ್ದು, ಆಮೇಲೆ ನಾನು ಹಿತ್ತಲಿಗೆ ಓಡಿ, ತಡವಾಯಿತು ನಡೀರಿ ಎಂದು ಅಪ್ಪನ ಕೈ ಹಿಡಿದು ಎಳೆದೆ.

ರಾಮಟೇಕಿನ ದಿನ ನನ್ನ ಬಾಲ್ಯದ ಅತ್ಯಂತ ಸುಖದ ದಿನ. ಅದನ್ನು ಮುಚ್ಚಿಟ್ಟರೆ ಇಡೀ ಅಧ್ಯಾಯವೇ ಸುಳ್ಳಾಗುತ್ತದೆ. ಅಪ್ಪ ಗುಡ್ಡ ಹತ್ತುವಾಗ ನನ್ನ ಕೈ ಹಿಡಿದಿದ್ದ, ಗುಂಡೂನ ಕೈಯಿಂದ ಮಂಗ ಬಾಳೆಹಣ್ಣು ಕಸಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮರದ ನೆರಳಲ್ಲಿ ಊಟ ಮಾಡಿ ಅವ್ವನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ. ಅಪ್ಪ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾಕಾನ ನೆನಪು ಒಂದೆರಡು ಸಲ ಬಂತು. ಹೇಗೋ ಮಾಡಿಕೊಂಡಿರುತ್ತಾರೆ, ದೊಡ್ಡವರು, ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ದಸರೆ. ನಾಗಪುರದಲ್ಲಿ ಆ ದಿನ ಆಪಟಾ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಅಪ್ಪ ಚೀಲದ ತುಂಬ ಎಲೆ ತುಂಬಿಕೊಂಡು ಗ್ಯಾರೇಜುಗಳಿಗೆ ಬಂಗಾರ ಕೊಡಲು ಹೋದವನು ಗಂಟೆಯೊಳಗೆ ಹಿಂದಿರುಗಿದ. ಚೀಲದಲ್ಲಿ ಎಲೆ ಹಾಗೇ ಇತ್ತು. ಪಡಸಾಲೆಯಲ್ಲೇ ಕೂತುಬಿಟ್ಟ. ಅವ್ವ ನೀರು ತಂದು ಕೊಟ್ಟು ಏನಾಯಿತು ಎಂದು ಕೇಳಿದಳು.

"ಸುಖದೇವ ದವಾಖಾನ್ಯಾಗ ಅದಾನ. ಬಲಗೈ ಬೆರಳು ಎರಡು ಹೋಗ್ಯಾವ."

"ಅಯ್ಯ ಶಿವನ! ಹ್ಯಾಂಗರೀ?"

"ಕಂಪ್ರೆಸರ್ ಇಲ್ಲದನ ಸ್ಪ್ರಿಂಗ್ ಬಿಚ್ಯಾನ. ತಂತಿ ಬಿಗದು ಒತ್ತಿ ಹಿಡದಿದ್ನಂತ, ತಂತಿ ಹರಕೊಂಡತಿ." ಅಪ್ಪ ಎಲೆಯ ಚೀಲವನ್ನು ಬದಿಗೆ ಸರಿಸಿದ. "ನಿನ್ನೆ ಗುರುವಾರ ಇತ್ತು. ನಾ ಹೋಗಬೇಕಾಗಿತ್ತು. ನನ್ನ ವಾರ ಅದು. ನಾ ರಾಮಟೇಕಿನ್ಯಾಗ ಮಲಗಿದ್ನಿ."

ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಆಗಲೇ ಹೇಳಬಹುದಿತ್ತು. ನಾಲ್ಕು ಹೆಜ್ಜೆ ನಡೆದು, ಅಪ್ಪಾ, ಕಾಕಾ ಬಂದಿದ್ದರು, ನಾನೇ ಕಳಿಸಿಬಿಟ್ಟೆ ಎಂದು ಹೇಳಿದ್ದರೆ ಎರಡು ಏಟು ಬೀಳುತ್ತಿತ್ತೇನೋ, ಅಷ್ಟೇ. ಹೇಳಲಿಲ್ಲ. ಕಾಕಾ ಹೇಗೂ ಅಪ್ಪನಿಗೆ ಹೇಳಿಯೇ ಹೇಳುತ್ತಾರೆ ಎಂದು ಎಷ್ಟೋ ದಿನ ಹೆದರಿಕೊಂಡಿದ್ದೆ. ಅಪ್ಪ ದವಾಖಾನೆಗೆ ಹೋಗಿ ಬಂದಾಗಲೆಲ್ಲ ಅವನ ಮುಖ ನೋಡುತ್ತಿದ್ದೆ. ಕಾಕಾ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಪಾರಾದೆ ಎಂದುಕೊಂಡೆ, ದೇವರಿಗೆ ಕಾಯಿ ಕೂಡ ಒಡೆಸಿದೆ.

ಮುಂದಿನ ವರ್ಷದ ಖಂಡೇನವಮಿಗೆ ಮುಂದಿನ ಕೋಣೆಯಲ್ಲಿ ಹೊಸ ಅರಿವೆ ಹಾಸಲಿಲ್ಲ. ಅಪ್ಪ ಒಂದೇ ಒಂದು ಪಾನಾಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟ, ಉಳಿದ ಸಾಮಾನನ್ನು ವ್ಯಾನಿಗೆ ಹೇರಿಕೊಂಡು ಹೊರಟ. ಅವ್ವ ಬಾಗಿಲಲ್ಲಿ ನಿಂತು ಅತ್ತಳು, ಅನ್ನ ಕೊಡುವ ಆಯುಧಕ್ಕೆ ಒಂದು ದಿನದ ಗೌರವವೂ ಬೇಡವೇ ಎಂದು ಕೇಳಿದಳು.

"ಆಯುಧಕ್ಕ ವಿಶ್ರಾಂತಿ ಕೊಟ್ಟು ಮನಷ್ಯಾನ ಬೆರಳು ತಗದ್ವಿ. ಸಾಕಾತು," ಎಂದ ಅಪ್ಪ.

ಆಮೇಲೆ ಪ್ರತಿ ವರ್ಷ ಹಾಗೆಯೇ. ವಾರ ಯಾವುದೇ ಇರಲಿ, ಖಂಡೇನವಮಿಯ ದಿನ ಅಪ್ಪನ ವ್ಯಾನು ಮೊದಲು ನಿಲ್ಲುತ್ತಿದ್ದದ್ದು ಸುಖದೇವ ಕಾಕಾನ ಗ್ಯಾರೇಜಿನ ಮುಂದೆ. ವ್ಯಾನಿನಲ್ಲಿ ಚಾಪೆ ಹಾಸುವುದು ನಿಂತಿತು. ಒಂದು ದಿನ ಅಪ್ಪನನ್ನು ನನಗೆಂದೇ ಇಟ್ಟುಕೊಳ್ಳಲು ಸುಳ್ಳು ಹೇಳಿದೆ, ಆ ಸುಳ್ಳಿನಿಂದ ಉಳಿದ ವರ್ಷಗಳ ಆ ಒಂದು ದಿನವನ್ನೂ ಕಳೆದುಕೊಂಡೆ. ಅವ್ವ ಮತ್ತು ಗುಂಡು ಕೂಡ ಕಳೆದುಕೊಂಡರು, ಯಾಕೆಂದು ತಿಳಿಯದೆ.

ಕಾಕಾನ ಬಲಗೈ ಪಾನಾ ಹಿಡಿಯುವಂತೆ ಆಗಲೇ ಇಲ್ಲ. ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದರು, ಬೇರೆಯವರ ಕೈಯಲ್ಲಿ ಕೆಲಸ ಮಾಡಿಸುತ್ತಿದ್ದರು. ಅಪ್ಪ ಗುರುವಾರ ಹೋಗುತ್ತಿದ್ದ, ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದ. ಆದರೆ ಕಾಕಾ ನಮ್ಮ ಮನೆಗೆ ಬರುವುದು ನಿಂತುಹೋಯಿತು. ದೀಪಾವಳಿಗೆ ಅಪ್ಪ ಹೋಗಿ ಕರೆಯುತ್ತಿದ್ದ, ಅವರು ಬರುತ್ತೇನೆ ಅನ್ನುತ್ತಿದ್ದರು, ಬರುತ್ತಿರಲಿಲ್ಲ. ನನ್ನ ಮದುವೆಗೂ ಬರಲಿಲ್ಲ, ಮಗನ ಕೈಯಲ್ಲಿ ಸೀರೆ ಕಳಿಸಿದರು. "ಏನ ತಪ್ಪಾತೋ ನನ್ನಿಂದ. ಕೇಳಿದ್ರ ಏನಿಲ್ಲಂತಾನ," ಎಂದು ಅಪ್ಪ ಎಷ್ಟೋ ಸಲ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಅಪ್ಪ ತೀರಿಕೊಂಡ ದಿನ ಕಾಕಾ ಬಂದಿದ್ದರು. ಗೇಟಿನ ಒಳಗೆ ಬರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಕೈ ಕಟ್ಟಿ ನಿಂತಿದ್ದರು. ನಾನು ಹೋಗಿ ಒಳಗೆ ಬನ್ನಿ ಎಂದು ಕರೆದೆ. "ಇಲ್ಲೇ ಬರೋಬರ್ ಇದೆ, ಪೋರಿ," ಎಂದರು.

ನಾನು ನಾಗಪುರ ಬಿಟ್ಟು ಹೋಗಲಿಲ್ಲ. ಇಲ್ಲಿಯೇ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡಿ, ಈಗ ನಿವೃತ್ತಿಯ ಅಂಚಿಗೆ ಬಂದಿದ್ದೇನೆ. ಹೋದ ವರ್ಷ ಯಾವುದೋ ಕೆಲಸಕ್ಕೆ ಸದರಿಗೆ ಹೋದವಳು ಆ ಹಿಂದಿನ ಗಲ್ಲಿಯ ಬಾಯಲ್ಲಿ ಒಂದು ದೊಡ್ಡ ಟ್ರಕ್ಕು ನಿಂತಿರುವುದನ್ನು ಕಂಡೆ. ಒಳಗೆ ದೀಪ ಹಾಕಿ, ಗಾಜಿನ ಕಪಾಟುಗಳಲ್ಲಿ ಹೊಳೆಯುವ ಉಪಕರಣಗಳನ್ನು ಜೋಡಿಸಿಟ್ಟಿದ್ದರು. ಟೀಶರ್ಟು ತೊಟ್ಟ ಹುಡುಗನೊಬ್ಬ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದ. ಮೆಸೇಜು ಹಾಕಿದರೆ ಯಾವ ದಿನ ಬೇಕಾದರೂ ಬರುತ್ತಾರಂತೆ. ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಸುಖದೇವ ಕಾಕಾ ಕೂತಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ, ಒಳಗಿನಿಂದ ಇನ್ನೊಂದು ಸ್ಟೂಲು ತರಿಸಿದರು, ಚಹಾ ತರಿಸಿದರು.

"ನೋಡು, ಈಗ ಅಂಗಡಿ ಹೇಗೆ ಬರುತ್ತದೆ ಬಾಗಿಲಿಗೆ," ಎಂದರು ಟ್ರಕ್ಕಿನ ಕಡೆ ಗದ್ದ ಎತ್ತಿ. "ಎಲ್ಲ ಸಿಗುತ್ತದೆ. ಆದರೆ ಫಿರತಿ ಸಾಮಾನು ಕೊಡುವುದಿಲ್ಲ."

ಯಾಕೆ ಆ ದಿನವೇ ಬಾಯಿ ಬಿಟ್ಟೆನೋ ತಿಳಿಯದು. ಅವರಿಗೆ ವಯಸ್ಸಾಗಿತ್ತು, ನನಗೂ ಆಗಿತ್ತು, ಅಪ್ಪ ಇರಲಿಲ್ಲ. ಚಹಾ ಮುಗಿಯುವ ಮೊದಲೇ ಹೇಳಿದೆ.

"ಕಾಕಾ, ಆ ಖಂಡೇನವಮಿಯ ದಿನ ಬಾಬಾ ಮನೆಯಲ್ಲೇ ಇದ್ದರು."

"ಗೊತ್ತು," ಎಂದರು.

ನಾನು ಅವರ ಮುಖ ನೋಡಿದೆ.

"ಹಿತ್ತಲಲ್ಲಿ ನಗುತ್ತಿದ್ದ. ಅಣ್ಣಾನ ನಗು ಗೇಟಿಗೆ ಕೇಳುತ್ತಿತ್ತು. ಇಷ್ಟು ವರ್ಷದ ಮೇಲೆ ಅದೆಲ್ಲ ಯಾಕೆ, ಬಿಡು. ನಿಮ್ಮ ಮನೆಯ ಪೂಜೆ, ನಿಮ್ಮ ನೇಮ. ನನ್ನಂಥವನ ಕೈ ತಾಗಬಾರದು ಅಂತ ಅವನಿಗೆ ಅನ್ನಿಸಿತು. ಎದುರಿಗೆ ಬಂದು ಹೇಳಲು ನಾಚಿಕೆಯಾಗಿ ನಿನ್ನನ್ನು ಮುಂದೆ ಮಾಡಿದ. ನಾನು ಅದನ್ನು ಆಗಲೇ ಬಿಟ್ಟುಬಿಟ್ಟೆ. ಆಮೇಲೆ ಪಾಪ, ವರ್ಷಾ ವರ್ಷಾ ಅದೇ ದಿನ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ ಎಂದು ನಾನೂ ಏನೂ ಕೇಳಲಿಲ್ಲ."

ಅವರು ಇದನ್ನು ಸಿಟ್ಟಿಲ್ಲದೆ ಹೇಳಿದರು, ಮುಗಿದುಹೋದ ವಿಷಯವನ್ನು ಹೇಳುವ ಹಾಗೆ. ಬೆರಳುಗಳ ವಿಷಯವನ್ನಷ್ಟೇ ಒಪ್ಪಿಕೊಳ್ಳಲು ನಾನು ಬಾಯಿ ಬಿಟ್ಟಿದ್ದೆ. ನನ್ನ ಸುಳ್ಳು ಇಷ್ಟು ದೂರ ಬಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಯಾಕೆ ಬರಲಿಲ್ಲ, ಗೇಟಿನಾಚೆ ಯಾಕೆ ನಿಂತರು, ಎಲ್ಲ ಒಂದೇ ಸಲಕ್ಕೆ ತಿಳಿಯಿತು.

"ಅಲ್ಲ ಕಾಕಾ. ಅವರು ಹೇಳಿ ಕಳಿಸಲಿಲ್ಲ. ನಾನೇ ಹೇಳಿದ್ದು. ರಾಮಟೇಕಿಗೆ ಹೋಗಬೇಕಾಗಿತ್ತು ನನಗೆ. ನೀವು ಬಂದದ್ದು ಅವರಿಗೆ ಗೊತ್ತೇ ಇರಲಿಲ್ಲ. ಸಾಯುವ ತನಕ ಗೊತ್ತಾಗಲಿಲ್ಲ."

"ಗೊತ್ತಿರಲಿಲ್ಲವಾ?"

"ಇಲ್ಲ. ಗುರುವಾರ ತಪ್ಪಿಸಿದೆ ಅಂತ, ತನ್ನಿಂದಲೇ ನಿಮ್ಮ ಬೆರಳು ಹೋಯಿತು ಅಂತ ತಿಳಿದಿದ್ದರು. ಅದಕ್ಕೇ ಆಮೇಲೆ ಯಾವ ಹಬ್ಬಕ್ಕೂ ಗಾಡಿ ನಿಲ್ಲಿಸಲಿಲ್ಲ. ನೀವು ಮನೆಗೆ ಯಾಕೆ ಬರುವುದಿಲ್ಲ ಅಂತ ಕೇಳುತ್ತಲೇ ಹೋದರು."

ಕಾಕಾ ನನ್ನ ಮೇಲೆ ರೇಗುತ್ತಾರೆ ಎಂದು ಕಾದೆ. ರೇಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ನನ್ನ ಕಡೆ ನೋಡಲೇ ಇಲ್ಲ. ಚಹಾದ ಗ್ಲಾಸನ್ನು ಕೆಳಗಿಟ್ಟು, ಮೂರು ಬೆರಳಿನ ಆ ಕೈಯನ್ನು ಇನ್ನೊಂದು ಕೈಯೊಳಗೆ ಹಿಡಿದುಕೊಂಡರು.

"ಅಣ್ಣಾ," ಎಂದರು ಮೆಲ್ಲಗೆ, ಅಪ್ಪ ಎದುರಿಗೇ ಇದ್ದಾನೆ ಎಂಬಂತೆ. "ಮಾಫ್ ಕರ್ ರೇ, ಅಣ್ಣಾ."

ಬೆರಳು ಕಳೆದುಕೊಂಡವರು ಅವರು. ಕ್ಷಮೆ ಕೇಳಿದವರೂ ಅವರೇ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ.